ಷಡ್ಡಕರ ಗ್ರಾಪ್ಪ

ಆ ಮನೆಗೆ ಇಬ್ಬರು ಅಳಿಯಂದಿರು. ದೊಡ್ಡವರು ಕಿವಿ, ಮೂಗು, ಗಂಟಲಿನ ಡಾಕ್ಟರು. ಚಿಕ್ಕವನದು ಕಿಟಕಿ ಪರದೆಗಳ ಅಂಗಡಿ. ನೆಂಟರಿಷ್ಟರ ಬಾಯಲ್ಲಿ ಒಬ್ಬರು ಡಾಕ್ಟರ್ ಅಳಿಯ, ಇನ್ನೊಬ್ಬ ಪರದೆ ಅಳಿಯ. ಹಾಗೆ ಕರೆಯುವವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೆ ‘ಡಾಕ್ಟರ್’ ಎನ್ನುವಾಗ ಅವರ ದನಿ ಒಂದು ಮೆಟ್ಟಿಲು ಮೇಲೆ ಹತ್ತುತ್ತಿತ್ತು, ‘ಪರದೆ’ ಎನ್ನುವಾಗ ಎರಡು ಮೆಟ್ಟಿಲು ಇಳಿಯುತ್ತಿತ್ತು. ಮದುವೆಯಾದಾಗಿನಿಂದ ಪರದೆ ಅಳಿಯನ ಕಿವಿಗೆ ಈ ಇಳಿಜಾರು ಚೆನ್ನಾಗಿ ಪರಿಚಯವಾಗಿತ್ತು.

ಹೀಗಿರುವಾಗ ಡಾಕ್ಟರು ಸಮ್ಮೇಳನ ಅಂತ ಹೆಂಡತಿ ಸಮೇತ ಇಟಲಿಗೆ ಹೋಗಿ ಬಂದರು. ಹೋಗುವಾಗ ಸಾಧಾರಣ ಮನುಷ್ಯರಾಗಿದ್ದವರಿಗೆ ಬರುವಾಗ ಕೊಂಬು ಮೂಡಿತ್ತು. ಬಂದ ವಾರವೇ ಷಡ್ಡಕನ ಸಂಸಾರವನ್ನು ಊಟಕ್ಕೆ ಕರೆದರು. ಊಟ ಮುಗಿಯುತ್ತಲೇ ಮೇಜಿನ ದೀಪ ಮಂದ ಮಾಡಿ, ಫ್ರಿಜ್ಜಿನಿಂದ ನೀರಿನಷ್ಟು ತಿಳಿಯಾದ ಪಾನೀಯದ ಉದ್ದ ಕತ್ತಿನ ಬಾಟಲಿ ತಂದರು. ಅದರ ಹಿಂದೆಯೇ ಬಂದವು ಟ್ಯುಲಿಪ್ ಹೂವಿನಾಕಾರದ ಪುಟ್ಟ ಗಾಜಿನ ಲೋಟಗಳು. ಒಂದೊಂದೂ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ.

“ಗ್ರಾಪ್ಪ,” ಎಂದರು ಡಾಕ್ಟರು. ಎರಡು ‘ಪ’ಗಳ ನಡುವೆ ಉಸಿರು ಹಿಡಿದು ಹೇಳಿದ್ದರಿಂದ ಅವರ ಹೆಂಡತಿಯ ಮುಖಕ್ಕೆ ಸ್ವಲ್ಪ ಎಂಜಲು ಸಿಡಿಯಿತು. “ದ್ರಾಕ್ಷಿ ಬ್ರಾಂಡಿ. ಆದ್ರೆ ಬ್ರಾಂಡಿ ಅಂತ ಅಂದ್ರೆ ಇಟಲಿಯವರಿಗೆ ಬೇಜಾರಾಗುತ್ತೆ.”

“ಇಲ್ಲಿ ಇಟಲಿಯವರು ಯಾರೂ ಇಲ್ವಲ್ಲ ಡಾಕ್ಟ್ರೇ,” ಎಂದ ಪರದೆ ಅಳಿಯ.

ಡಾಕ್ಟರು ಕ್ಯಾರೇ ಅನ್ನಲಿಲ್ಲ. “ವೈನ್‌ಗೆ ರಸ ಹಿಂಡಿದ ಮೇಲೆ ಉಳಿಯುತ್ತಲ್ಲ, ಸಿಪ್ಪೆ, ಬೀಜ, ಅದನ್ನ ಬಟ್ಟಿ ಇಳಿಸಿ ಮಾಡೋದು.”

“ಅಂದ್ರೆ, ಚರಟ?”

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಚರಟ ಅಲ್ಲಯ್ಯ. ಸಾರ. ನೋಡು, ಲೋಟದ ಕೆಳಗಿನ ಕಾಲು ಹಿಡ್ಕೋ. ತಿರುಗಿಸಬೇಡ, ಇದು ವೈನ್ ಅಲ್ಲ. ಮೂಗಿನ ಹತ್ತಿರ ತಗೊಂಡು ಹೋಗು, ಒಳಗೆ ಹಾಕ್ಬೇಡ. ಮೂಗು ನನ್ನ ಕಸುಬು, ಅದಕ್ಕೇ ಹೇಳ್ತಿದೀನಿ. ಈಗ ಒಂದೇ ಒಂದು ಗುಟುಕು. ನಾಲಿಗೆ ಮೇಲೆ ಮಲಗಿಸು.”

ಪರದೆ ಅಳಿಯ ಮಲಗಿಸಲು ಹೋದ. ಅದು ಮಲಗುವ ಜಾತಿಯದಲ್ಲ. ಎದ್ದು ಗಂಟಲಿನಲ್ಲಿ ಓಡಿ, ಮೂಗಿನಲ್ಲಿ ಹೊರಬಂದು, ಕಣ್ಣಲ್ಲಿ ನೀರು ಹರಿಸಿತು. ಅವನು ಕೆಮ್ಮಿದ ಕೆಮ್ಮಿಗೆ ಪಕ್ಕದ ಮನೆಯವರು ಗೋಡೆ ಬಡಿದರು.

“ಪಾಪ, ನಾಲಿಗೆ ಪಳಗಿಲ್ಲ,” ಎಂದು ಡಾಕ್ಟರು ಬೆನ್ನು ಸವರಿದರು. ಆ ‘ಪಾಪ’ ಗ್ರಾಪ್ಪಕ್ಕಿಂತ ಹೆಚ್ಚು ಉರಿಯಿತು.

ಮನೆಗೆ ಹೋಗುವಾಗ ಹೆಂಡತಿ ಕಾರಿನ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು: “ಅಕ್ಕನ ಮುಂದೆ ಹಾಗೆ ಕೆಮ್ಮೋದಾ? ಒಂದು ಗಳಿಗೆ ಉಸಿರು ಕಟ್ಟಿಕೊಂಡಿದ್ರೆ ಏನು ಸತ್ತು ಹೋಗ್ತಿದ್ರಾ?”

“ಹೋಗ್ತಿದ್ನೇನೋ,” ಎಂದ ಅವನು.

“ಮುಂದಿನ ಭಾನುವಾರ ನಮ್ಮನೆಗೆ ಕರೀತೀನಿ. ನೀವೂ ಗ್ರಾಪ್ಪ ಕೊಡಬೇಕು. ಅವರದಕ್ಕಿಂತ ಒಳ್ಳೇದು.”

ಮಾತು ತೆಗೆದುಹಾಕುವ ಹಾಗಿರಲಿಲ್ಲ. ಸೋಮವಾರ ಅಂಗಡಿಗೆ ಬಾಗಿಲು ತೆಗೆಯುವ ಬದಲು ಅವನು ದೊಡ್ಡ ಹೋಟೆಲಿನ ಬಾರಿಗೆ ಹೋದ. ಅಲ್ಲಿನ ಕಡುಗೆಂಪು ಪರದೆಗಳನ್ನು ಹೊಲಿಸಿ ತೂಗುಹಾಕಿದ್ದು ಅವನೇ. ಹಾಗಾಗಿ ಬಾರ್‌ಮನ್ ಪರಿಚಯ. ಕಷ್ಟವನ್ನೆಲ್ಲ ಕೇಳಿಕೊಂಡ ಬಾರ್‌ಮನ್ ನಗಲಿಲ್ಲ. ಇಂಥ ರೋಗಿಗಳನ್ನು ಬೇಕಾದಷ್ಟು ಕಂಡವನು.

“ಹಾಗೇ ಕುಡಿಯೋಕೆ ಆಗದಿದ್ರೆ ಬೆರೆಸಿ ಕುಡೀರಿ ಸಾರ್. ನಿಂಬೆರಸ, ಜೇನು, ಐಸು, ಗ್ರಾಪ್ಪ. ಚೆನ್ನಾಗಿ ಕುಲುಕಿ ಸೋಸಿಬಿಡಿ. ಕಾಕ್‌ಟೇಲ್ ಅಂದ್ರೆ ಯಾರೂ ಮಾತಾಡಲ್ಲ. ಅದೂ ಬೇಡ ಅಂದ್ರೆ ಪುಟ್ಟ ಕಪ್ಪಲ್ಲಿ ಗಟ್ಟಿ ಕಾಫಿಗೆ ಒಂದು ಚೂರು ಸುರೀರಿ. ಇಟಲಿ ಕಡೆ ಅದಕ್ಕೆ ‘ತಿದ್ದಿದ ಕಾಫಿ’ ಅಂತಾರೆ.”

ಮರದ ಪೀಪಾಯಿಯಲ್ಲಿಟ್ಟು ಹಳೆಯದಾಗಿಸಿದ, ಜೇನಿನ ಬಣ್ಣದ ಗ್ರಾಪ್ಪದ ಒಂದು ಬಾಟಲಿಯನ್ನೂ ಟ್ಯುಲಿಪ್ ಲೋಟಗಳನ್ನೂ ಅವನೇ ತರಿಸಿಕೊಟ್ಟ. ವಾರವೆಲ್ಲ ಪರದೆ ಅಳಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಲುಕುವ ಅಭ್ಯಾಸ ಮಾಡಿದ. ಕುಲುಕಲು ಸಿಕ್ಕಿದ್ದು ಹೆಂಡತಿಯ ಸ್ಟೀಲ್ ಫ್ಲಾಸ್ಕ್. ಗುರುವಾರ ಅದರ ಮುಚ್ಚಳ ಹಾರಿ, ಮದುವೆ ಮಂಟಪದವರು ಆರಿಸಿಟ್ಟಿದ್ದ ಬಿಳಿ ಬಟ್ಟೆಯ ಮೇಲೆ ನಿಂಬೆ, ಜೇನು, ಗ್ರಾಪ್ಪ ಎಲ್ಲ ಒಟ್ಟಿಗೇ ಬಿತ್ತು. ಬಟ್ಟೆ ಹಾಳಾಯಿತು. ಕೈ ಮಾತ್ರ ಪಳಗಿತು.

ಭಾನುವಾರ ಡಾಕ್ಟರ ಸಂಸಾರ ಬಂತು. ಊಟವಾಯಿತು. ಇನ್ನೇನು ಫ್ಲಾಸ್ಕಿಗೆ ಐಸು ಹಾಕಬೇಕು, ಬಾಗಿಲ ಗಂಟೆ ಸದ್ದಾಯಿತು. ತೆರೆದ ಹೆಂಡತಿ ಅಡುಗೆಮನೆಗೆ ಓಡಿಬಂದು ಪಿಸುಗುಟ್ಟಿದಳು: “ಅಮ್ಮ!”

ಅತ್ತೆ ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಉದ್ದನೆಯ ವರಾಂಡದ ಈ ತುದಿಯಲ್ಲಿ ನಿಂತು ಆ ತುದಿಯ ಹುಡುಗ ಸಿಗರೇಟು ಸೇದಿದ್ದನ್ನು ಹೇಳುವ ಮೂಗು ಅವರದು. ಅವರ ಮುಂದೆ ಮದ್ಯದ ಹೆಸರೆತ್ತಿದವರಿಲ್ಲ. ಡಾಕ್ಟರು ಕೂಡ ಕುರ್ಚಿಯಿಂದ ಎದ್ದು ನಿಂತುಬಿಟ್ಟರು, ಹೋಂವರ್ಕ್ ಮಾಡದವರ ಹಾಗೆ.

ಅತ್ತೆ ಬಂದು ಮೇಜಿನ ತಲೆಯಲ್ಲಿ ಕೂತರು. ಬಾಟಲಿ ನೋಡಿದರು. ಪುಟ್ಟ ಲೋಟಗಳನ್ನು ನೋಡಿದರು.

“ಇದೇನು?”

“ಔಷಧಿ ಥರ ಅತ್ತೆ,” ಎಂದರು ಡಾಕ್ಟರು ತಟ್ಟನೆ. “ಇಟಲಿ ಕಡೆಯದು. ಊಟ ಅರಗಲಿ ಅಂತ ತಗೋತಾರೆ.”

“ಹಾಗಾದ್ರೆ ನನಗೂ ಕೊಡಿ. ಈ ಮನೇಲಿ ಊಟ ಅರಗದೇ ಇರೋದು ನನಗೊಬ್ಬಳಿಗೇ.”

ಇಬ್ಬರೂ ಅಳಿಯಂದಿರು ಮುಖ ಮುಖ ನೋಡಿಕೊಂಡರು. ಕೊಡದಿದ್ದರೆ ಸುಳ್ಳು ಬಯಲು, ಕೊಟ್ಟರೆ ಏನಾಗುವುದೋ. ಪರದೆ ಅಳಿಯ ಒಂದು ಲೋಟಕ್ಕೆ ತಳ ಮುಚ್ಚುವಷ್ಟು ಸುರಿದ.

“ಇಷ್ಟೇನಾ? ಅರ್ಧ ಅರಗೋದಕ್ಕೆ ಕೊಟ್ಟಿದೀರಾ?”

ಇನ್ನಷ್ಟು ಸುರಿದ. ಅತ್ತೆ ಲೋಟದ ಕಾಲು ಹಿಡಿದು ಒಂದು ಗುಟುಕು ಕುಡಿದರು. ಕೆಮ್ಮಲಿಲ್ಲ. ರೆಪ್ಪೆ ಬಡಿಯಲಿಲ್ಲ. ಲೋಟ ಕೆಳಗಿಟ್ಟು, ಪರೀಕ್ಷೆಯ ಹಾಲ್‌ನಲ್ಲಿ ನಿಂತವರ ಹಾಗೆ ಸುತ್ತ ನೋಡಿದರು.

“ನೀವೂ ತಗೊಳ್ಳಿ. ತಗೊಂಡು ಇದರಲ್ಲಿ ಏನೇನು ವಾಸನೆ ಬರುತ್ತೆ ಹೇಳಿ. ದೊಡ್ಡವರಿಂದ ಶುರುವಾಗಲಿ.”

ಡಾಕ್ಟರಿಗೆ ಹೋದ ಜೀವ ಬಂತು. ಕಣ್ಣು ಮುಚ್ಚಿ, ಮೂಗರಳಿಸಿದರು. “ಒಣಗಿಸಿದ ಏಪ್ರಿಕಾಟ್. ಬಾದಾಮಿ. ಸ್ವಲ್ಪ ವೆನಿಲಾ. ಮಳೆ ನಿಂತ ಮೇಲಿನ ದ್ರಾಕ್ಷಿ ತೋಟ.”

“ನೀವು?”

ಪರದೆ ಅಳಿಯ ಮೂಗಿನ ಹತ್ತಿರ ಹಿಡಿದ. ವಾರವಿಡೀ ಬಾಯಿಪಾಠ ಮಾಡಿದ್ದ ವಾಸನೆಗಳ ಹೆಸರುಗಳು ಒಂದೂ ನೆನಪಾಗಲಿಲ್ಲ. ಅತ್ತೆಯ ಕಣ್ಣು ಅವನ ಮೇಲೇ ಇತ್ತು. “ನನಗೆ ವಾರ್ನಿಷ್ ವಾಸನೆ ಬರ್ತಿದೆ ಅತ್ತೆ,” ಎಂದುಬಿಟ್ಟ. “ಪರದೆ ಕಡ್ಡಿಗೆ ಹೊಡೀತಾರಲ್ಲ, ಅದು.”

ಅವನ ಹೆಂಡತಿ ತಲೆ ಮೇಲೆ ಕೈ ಹೊತ್ತಳು. ಡಾಕ್ಟರು ಗಹಗಹಿಸಿ ನಕ್ಕರು. “ಅದಕ್ಕೇ ಅತ್ತೆ, ನಾನು ಹೇಳೋದು, ನಾಲಿಗೆ ಪಳಗಬೇಕು ಅಂತ. ನಾನು ಇಟಲೀಲಿ ದಿನಾ ಸಂಜೆ...”

“ದಿನಾ ಸಂಜೆ ಏನ್ರೀ?” ಎಂದಳು ಡಾಕ್ಟರ ಹೆಂಡತಿ. ಎಂಜಲು ಸಿಡಿದ ದಿನದಿಂದಲೂ ಅವಳು ಸುಮ್ಮನಿದ್ದಳು, ಇನ್ನು ತಡೆಯಲಾಗಲಿಲ್ಲ. “ಅಮ್ಮ, ಅಲ್ಲಿ ಮೊದಲ ದಿನವೇ ಏನೋ ತಿಂದು ಇವರ ಹೊಟ್ಟೆ ಕೆಟ್ಟಿತ್ತು. ವಾರವೆಲ್ಲ ಹೋಟೆಲ್ ರೂಮಲ್ಲಿ ಗಂಜಿ ಕುಡ್ಕೊಂಡು ಮಲಗಿದ್ರು. ಅಲ್ಲಿ ಇದನ್ನ ಕುಡಿದಿದ್ದು ಒಂದೇ ಸಲ, ವಾಪಸು ಬರುವಾಗ ಏರ್‌ಪೋರ್ಟ್ ಅಂಗಡೀಲಿ. ಪುಕ್ಕಟೆ ಕೊಡ್ತಿದ್ರು. ಈ ಏಪ್ರಿಕಾಟು, ತೋಟ ಎಲ್ಲ ಆ ಮಾರೋ ಹುಡುಗಿ ಹೇಳಿದ್ದು.”

ಡಾಕ್ಟರ ಕಿವಿ ಕೆಂಪಾದವು. ಅವರ ಕೈಯ ಲೋಟ ಮೇಲೂ ಹೋಗದೆ ಕೆಳಗೂ ಇಳಿಯದೆ ನಡುವೆಯೇ ನಿಂತಿತು. ಪರದೆ ಅಳಿಯ ಇಷ್ಟು ವರ್ಷ ಕಾದಿದ್ದು ಈ ಗಳಿಗೆಗೇ. ಷಡ್ಡಕ ಒಂದು ಸಲ ಎಲ್ಲರೆದುರು ಬೀಳಬೇಕು, ತಾನು ನೋಡಿ ಕಣ್ಣು ತಂಪು ಮಾಡಿಕೊಳ್ಳಬೇಕು. ಈಗ ಬಿದ್ದಿದ್ದರು. ಆದರೆ ಪರದೇಶದ ಹೋಟೆಲಿನ ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು, ಸಮ್ಮೇಳನವನ್ನೂ ನೋಡದೆ ಊರನ್ನೂ ನೋಡದೆ ಮಲಗಿದ ಷಡ್ಡಕರೇ ಅವನ ಕಣ್ಣ ಮುಂದೆ ಬಂದರು. ಊರಿಗೆ ಬಂದು ಏನಾದರೂ ಹೇಳಬೇಕಲ್ಲ, ಪಾಪ. ಈ ‘ಪಾಪ’ ಅವನಿಗೇ ಗೊತ್ತಿಲ್ಲದೆ ಬಂದಿತ್ತು.

ಅವನು ಎದ್ದು ಅಡುಗೆಮನೆಗೆ ಹೋಗಿ ಗಟ್ಟಿ ಕಾಫಿ ಮಾಡಿದ. ಪುಟ್ಟ ಕಪ್ಪಿಗೆ ಒಂದು ಚಮಚ ಗ್ರಾಪ್ಪ, ಸ್ವಲ್ಪ ಸಕ್ಕರೆ ಹಾಕಿ ತಂದು ಮೊದಲು ಡಾಕ್ಟರ ಮುಂದಿಟ್ಟ. “ಇದನ್ನ ಕುಡೀರಿ ಡಾಕ್ಟ್ರೇ. ಇದೂ ಅಲ್ಲಿಯದೇ.”

ಡಾಕ್ಟರು ಕುಡಿದರು. ಇನ್ನೊಂದು ಗುಟುಕು ಕುಡಿದರು. “ಚೆನ್ನಾಗಿದೆ ಕಣಯ್ಯ,” ಎಂದರು ಮೆಲ್ಲಗೆ. “ನಿಜ ಹೇಳ್ಲಾ? ಮನೇಲಿ ಕುಡಿದದ್ದು ನನಗೂ ಗಂಟಲು ಸುಡ್ತಿತ್ತು.”

“ಏನಿದು ಕಾಫಿ?” ಎಂದರು ಅತ್ತೆ.

“ತಿದ್ದಿದ ಕಾಫಿ ಅಂತಾರೆ ಅತ್ತೆ.”

“ತಿದ್ದಿದ್ದಾ?” ಅತ್ತೆಯ ಮುಖ ಅರಳಿತು. ಜೀವಮಾನವೆಲ್ಲ ಕೆಂಪು ಪೆನ್ನು ಹಿಡಿದು ತಿದ್ದಿದವರಿಗೆ ಆ ಮಾತು ನೇರ ಎದೆಗೇ ಹೋಯಿತು. ಒಂದು ಕಪ್ ತರಿಸಿಕೊಂಡು ಕುಡಿದು, “ತಪ್ಪಿಲ್ಲ,” ಎಂದರು. “ಆದ್ರೆ ಮೊದಲು ಕುಡಿದಿದ್ದೇ ಮೇಲು. ಚೆನ್ನಾಗಿರೋದನ್ನ ತಿದ್ದೋದು ಯಾಕೆ?” ಎಂದು ಟ್ಯುಲಿಪ್ ಲೋಟವನ್ನು ಮತ್ತೆ ಮುಂದೆ ಚಾಚಿದರು. ಫ್ಲಾಸ್ಕು, ನಿಂಬೆ, ಜೇನು ಅಡುಗೆಮನೆಯಲ್ಲೇ ಉಳಿದವು. ಹೊರಡುವಾಗ ಅತ್ತೆ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಹೆಣ್ಣುಮಕ್ಕಳು “ಅಮ್ಮಾ!” ಎಂದು ಬಾಯಿ ಬಿಟ್ಟರೆ, “ಡಾಕ್ಟರೇ ಹೇಳಿದಾರಲ್ಲ, ಔಷಧಿ ಅಂತ,” ಎಂದರು.

ಆಮೇಲಿಂದ ಭಾನುವಾರದ ಊಟ ಅತ್ತೆಯ ಮನೆಗೆ ವರ್ಗವಾಯಿತು. ಊಟವಾದ ಮೇಲೆ ಅತ್ತೆಗೆ ಒಂದು ಲೋಟ ಗ್ರಾಪ್ಪ, ಅಳಿಯಂದಿರಿಗೆ ನಿಂಬೆ ಪಾನಕ. ಬಾಟಲಿ ಮುಗಿಯಲು ತಿಂಗಳೂ ಹಿಡಿಯಲಿಲ್ಲ.

ಒಂದು ಸಂಜೆ ಡಾಕ್ಟರು ತಮ್ಮ ಕಾರಿನಲ್ಲಿ ಪರದೆ ಅಂಗಡಿಗೆ ಬಂದು ಹಾರನ್ ಹೊಡೆದರು. ಇಬ್ಬರೂ ಸೇರಿ ಮಾರ್ಕೆಟ್ಟಿನ ದೊಡ್ಡ ಮದ್ಯದಂಗಡಿಗೆ ಹೋದರು. ಷಡ್ಡಕರಾದ ಮೇಲೆ ಇಬ್ಬರೇ ಎಲ್ಲಿಗಾದರೂ ಹೋಗಿದ್ದು ಅದೇ ಮೊದಲು. ಕಪಾಟಿನ ಮುಂದೆ ನಿಂತು ಬಾಟಲಿಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದರು.

“ಬಿಳೀದು ಬೇಡ,” ಎಂದ ಪರದೆ ಅಳಿಯ. “ಹೋದ ಸಲ ಬಂಗಾರದ ಬಣ್ಣದ್ದು ಹಿಡಿಸಿತ್ತು.”

“ಹೌದೌದು. ಮರದ ಪೀಪಾಯಿ ಅಂತ ಬರೆದಿದೆಯಾ ನೋಡು. ತಪ್ಪಾದ್ರೆ ನಮ್ಮನ್ನ ಬೆಂಚಿನ ಮೇಲೆ ನಿಲ್ಲಿಸಿಬಿಡ್ತಾರೆ.”

ಇವರ ಆಸ್ಥೆ ಕಂಡು ಅಂಗಡಿಯವನಿಗೆ ಗೌರವ ಹುಟ್ಟಿತು. ಹತ್ತಿರ ಬಂದು ಕೇಳಿದ: “ಬಹಳ ತಿಳಿದವರ ಹಾಗೆ ಕಾಣ್ತೀರಿ. ಸಾರ್ ಹಾಗೇ ಕುಡೀತೀರೋ, ಏನಾದ್ರೂ ಬೆರೆಸ್ಕೊಂಡೋ?”

ಡಾಕ್ಟರು ಷಡ್ಡಕನ ಮುಖ ನೋಡಿದರು. ಪರದೆ ಅಳಿಯ ಗಂಟಲು ಸರಿಮಾಡಿಕೊಂಡ.

“ನಾವು ಕುಡಿಯಲ್ಲ,” ಎಂದ. “ನಮ್ಮತ್ತೆ ಕುಡೀತಾರೆ.”