ಬೇಸ್ ಕ್ಲಾರಿಯೊನೆಟ್ಟಿನ ಮೇಲಿನ ಸ್ವರ

ತೋಡಾರಿನ ಅಣ್ಣು ಬ್ಯಾಂಡಿನಲ್ಲಿ ಊದುತ್ತಿದ್ದುದು ಬೇಸ್ ಕ್ಲಾರಿಯೊನೆಟ್. ಮದ್ರಾಸಿನ ಸೇನೆಯ ಪಟಾಲಮ್ಮಿನ ಬ್ಯಾಂಡಿನಿಂದ ನಿವೃತ್ತನಾಗಿ ಬಂದ ಸೋದರಮಾವ ಸಂಕಪ್ಪ ಕೊಟ್ಟ ವಾದ್ಯ ಅದು. ಕೊರಳಿಗೆ ನೇತುಹಾಕಿಕೊಂಡರೆ ಮೊಣಕಾಲಿನವರೆಗೆ ಇಳಿಯುವಷ್ಟು ಉದ್ದ. ಮೂಡಬಿದ್ರೆಯ ಬ್ಯಾಂಡ್ ಮಾಸ್ಟರ್ ಸುಬ್ಬಪ್ಪನಿಗೆ ಅದು ಬೇಕಾಗಿದ್ದುದು ಕೆಳಗಿನ ಸ್ವರಕ್ಕೆ ಮಾತ್ರ. ಉಳಿದವರು ಹಾಡು ನುಡಿಸುವಾಗ ಅಣ್ಣು ಅಡಿಯಲ್ಲಿ ಗುಂಯ್ ಎನ್ನುತ್ತಿರಬೇಕು.

ಅದೇ ಕೊಳವೆಯಿಂದ ಸಣ್ಣ ಕ್ಲಾರಿಯೊನೆಟ್ಟಿನಷ್ಟು ಎತ್ತರದ ಸ್ವರವೂ ಹೊರಡುತ್ತದೆಂದು ಮಾವ ಊದಿ ತೋರಿಸಿದ್ದ. ಅಣ್ಣು ಎರಡು ಮಳೆಗಾಲ ಅದರ ಹಿಂದೆ ಬಿದ್ದ. ೧೯೫೮ರ ಬೇಸಗೆಯಲ್ಲಿ ಮಾಸ್ಟರ್ ಕೊನೆಗೂ ಒಪ್ಪಿ, ಊರಿನ ಧಣಿ ಅಭಯಚಂದ್ರರ ಮಗಳ ಮದುವೆಯಲ್ಲಿ ದಿಬ್ಬಣವನ್ನು ಎದುರುಗೊಳ್ಳುವಾಗ ಹಾಡಿನ ಕೊನೆಯ ಸಾಲನ್ನು ಮೇಲಿನ ಸ್ವರದಲ್ಲಿ ನೀನೇ ಊದು ಎಂದು ಮಾತು ಕೊಟ್ಟ.

ಚಪ್ಪರದ ಎದುರು ನಿಂತ ಮೇಲೆ ಆ ಮಾತು ಬದಲಾಯಿತು. ಸಾಲನ್ನು ತನ್ನ ಭಾವ ಊದುತ್ತಾನೆ, ನೀನು ಅಡಿಯಲ್ಲೇ ಇರು ಎಂದ ಮಾಸ್ಟರ್. ಸಾಲು ಬಂದಾಗ ಅಣ್ಣು ಸಿಟ್ಟು ತಡೆಯಲಾಗದೆ ತಾನೂ ಮೇಲಿನ ಸ್ವರಕ್ಕೆ ಹಾರಿದ. ವಾದ್ಯದ ಬಾಯನ್ನು ಬಿಗಿಯಾಗಿ ಕಚ್ಚಿ ಊದಿದ್ದಕ್ಕೆ ಸ್ವರ ಒಡೆದು ಕಿರ್ರೆಂದು ಚೀರಿತು. ದಿಬ್ಬಣದವರು ನಕ್ಕರು. ಮಾಸ್ಟರ್ ಎಲ್ಲರಿಗೂ ಕೇಳುವಂತೆ, "ಕೋಣ ಕೋಗಿಲೆಯಾಗಲಿಕ್ಕೆ ಹೊರಟಿದೆ" ಎಂದ. ಅಣ್ಣು ಊಟಕ್ಕೂ ನಿಲ್ಲದೆ ಮನೆಗೆ ನಡೆದ.

ಅವನ ಕೆಳದುಟಿಯ ರಕ್ತ ನೋಡಿದ ಮಾವ, "ಕಚ್ಚಿದ್ದೀಯ. ಕಚ್ಚಿದರೆ ಅದು ಹಾಡುವುದಿಲ್ಲ ಮಾರಾಯ" ಎಂದ. ಅಣ್ಣು ಮಾವನ ಮೇಲೂ ರೇಗಿದ. ಬ್ಯಾಂಡಿಗೆ ಹೋಗುವುದನ್ನು ಬಿಟ್ಟು ದಿನಾ ಮನೆಯಲ್ಲೇ ಊದಿದ, ದಿನಾ ಸ್ವರ ಒಡೆಯಿತು. ಸುಬ್ಬಪ್ಪನ ಮುಖ ನೆನಪಾದೊಡನೆ ದವಡೆ ಬಿಗಿಯುತ್ತಿತ್ತು.

ಮರುತಿಂಗಳು ಸುಬ್ಬಪ್ಪನೇ ಅಂಗಳಕ್ಕೆ ಬಂದ. ತಪ್ಪಾಯಿತೆಂಬ ಮಾತಿಲ್ಲ. ಬಂಟ್ವಾಳದಲ್ಲಿ ಮದುವೆ ಉಂಟು, ಅಡಿಯ ಸ್ವರಕ್ಕೆ ಜನ ಇಲ್ಲ, ಹೊರಡು ಎಂದ.

ಅಣ್ಣು ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟ. ಕೊಟ್ಟು ಮುರಿದ ಮಾತು, ಭಾವನಿಗಾಗಿ ಮಾಡಿದ ಪಕ್ಷಪಾತ, ಜನರೆದುರು ಮಾಡಿದ ಹಾಸ್ಯ, ಎಲ್ಲವನ್ನೂ ಗಂಟಲು ಬಿರಿಯುವಂತೆ ಕೂಗಿ ಹೇಳಿದ. ನೆರೆಮನೆಯ ಮೈಮೂನಮ್ಮ ಬೇಲಿಯ ಬಳಿ ಬಂದು ನಿಂತರು. ಕೂಗಿ ಕೂಗಿ ದವಡೆ ಸೋತು ಸಡಿಲವಾಯಿತು. ಹಾಗೇ ಒಳಗೆ ಹೋಗಿ ವಾದ್ಯ ತಂದು ಊದಿದ. ಸ್ವರ ಅಡಿಯಿಂದ ಎದ್ದು, ಯಾವಾಗಲೂ ಒಡೆಯುತ್ತಿದ್ದ ಜಾಗ ದಾಟಿ, ತೆಳ್ಳಗೆ ಮೇಲೆ ಹೋಗಿ ನಿಂತಿತು. ಜಗಲಿಯಲ್ಲಿದ್ದ ಮಾವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ. ಅಣ್ಣು ಮದುವೆಯಲ್ಲಿ ಕೆಟ್ಟ ಆ ಸಾಲನ್ನು ಇಡಿಯಾಗಿ ಊದಿ ಮುಗಿಸಿದ.

ಸುಬ್ಬಪ್ಪ ತಲೆದೂಗಿದ. "ಒಳ್ಳೇದುಂಟು. ಆದರೆ ಮದುವೆಯಲ್ಲಿ ಬೇಡ. ನೀನು ಮೇಲೆ ಹೋದರೆ ಅಡಿಯಲ್ಲಿ ಯಾರಿದ್ದಾರೆ?"

"ಅಡಿಯಲ್ಲಿ ನಿಮ್ಮ ಭಾವನನ್ನು ನಿಲ್ಲಿಸಿ ಮಾಸ್ಟ್ರೇ. ನಾನು ಬರುವುದಿಲ್ಲ."

ಬಂಟ್ವಾಳಕ್ಕೆ ಬ್ಯಾಂಡು ಅವನಿಲ್ಲದೆ ಹೋಯಿತು. ಆ ವರ್ಷವೇ ಅಣ್ಣು ಕಲ್ಲಡ್ಕದ ಒಂದು ಸಣ್ಣ ಬ್ಯಾಂಡು ಸೇರಿದ. ಅಲ್ಲಿ ಅವನಿಗೆ ಅಡಿಯದ್ದರ ಜೊತೆಗೆ ಮೇಲಿನ ಸಾಲೂ ಸಿಕ್ಕಿತು. ಸಿಟ್ಟು ಇಳಿಯಿತೆಂದಲ್ಲ. ಮೂಡಬಿದ್ರೆ ಪೇಟೆಯಲ್ಲಿ ಸುಬ್ಬಪ್ಪ ಎದುರಾಗಿ ಮಾತನಾಡಿಸಲು ಬಂದರೆ, ಅಣ್ಣು ಮುಖ ತಿರುಗಿಸಿ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ.