ಸೊಂಟದವರೆಗೆ ಬೆಳಕು

ಅಪೊರೊಸನ ಹೆಂಡತಿ ವಸಿತಿ ತವರಿಗೆ ಹೋಗಿ ಕೂತದ್ದಕ್ಕೆ ಕಾರಣ ಇನ್ನೊಬ್ಬ ಹೆಂಗಸಲ್ಲ, ಕುಡಿತವೂ ಅಲ್ಲ. ಒಂದು ಜೊತೆ ದೀಪ.

ನಮ್ಮ ದ್ವೀಪದ ರಾಕಿರಾಕಿ ಪೇಟೆ ದಾಟಿ ಸ್ವಲ್ಪ ಮುಂದೆ, ಕಿಂಗ್ಸ್ ರೋಡಿನ ಪಕ್ಕದಲ್ಲಿ ಅವನದೊಂದು ತಗಡಿನ ಶೆಡ್ಡು. ಗಾಡಿಗಳ ಹೆಡ್‌ಲೈಟ್ ಬಿಚ್ಚಿ, ಒಳಗಿನ ಮಂಕು ಹಿಡಿದ ಬಟ್ಟಲನ್ನು ಕಿತ್ತು, ಅಲ್ಲಿ ದಪ್ಪ ಗಾಜಿನ ಗುಂಡುಕಣ್ಣಿರುವ ಪ್ರೊಜೆಕ್ಟರ್ ಕೂರಿಸಿ ಕೊಡುವುದು ಅವನ ಕಸುಬು. ಹೆಡ್‌ಲೈಟಿನ ಮುಂದಿನ ಗಾಜು ಅಂಟಿನಲ್ಲಿ ಕಚ್ಚಿಕೊಂಡಿರುತ್ತದೆ. ಅದು ಬಿಡಬೇಕಾದರೆ ಹದವಾಗಿ ಬಿಸಿ ಮಾಡಬೇಕು. ಆ ಬಿಸಿಗೆ ಅವನು ನೆಚ್ಚಿಕೊಂಡದ್ದು ಹೆಂಡತಿಯ ಒಲೆಯನ್ನು. ಡ್ರಮ್ಮು ಅಡ್ಡ ಮಲಗಿಸಿ ಮಾಡಿದ ಆ ಒಲೆಯಲ್ಲಿ ವಸಿತಿ ಬನ್ನು ಸುಟ್ಟು ಬಸ್‌ಸ್ಟಾಪಿನಲ್ಲಿ ಮಾರುತ್ತಿದ್ದಳು. ಬನ್ನು ಬೆಂದ ಮೇಲೆ ದೀಪ, ದೀಪ ಬೆಂದ ಮೇಲೆ ಬನ್ನು. ಕೊನೆಗೆ ಗಿರಾಕಿಗಳು, "ವಸಿತಿ, ನಿನ್ನ ಬನ್ನು ಯಾಕೋ ಟೈರು ನಾರ್ತಿದೆಯಲ್ಲೇ," ಅನ್ನುವ ಮಟ್ಟಕ್ಕೆ ಬಂತು. ಅದನ್ನೂ ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು.

ಊರವರ ಗಾಡಿಗೆಲ್ಲ ಅಚ್ಚುಕಟ್ಟು ದೀಪ ಹಾಕಿಕೊಡುವ ಈ ಮಹಾಶಯ ತನ್ನ ಗಾಡಿಗೆ ಮಾತ್ರ ಹಳೇ ಬಟ್ಟಲಿಗೇ ಅಗ್ಗದ ಬಿಳಿ ಬಲ್ಬು ತುರುಕಿಕೊಂಡು ಓಡಾಡುತ್ತಿದ್ದ. ಅವನ ಗಾಡಿ ಹಿಂದೆ ಎರಡು ಸಾಲು ಬೆಂಚು ಹಾಕಿದ ಸಣ್ಣ ಲಾರಿ. ಆ ಬಲ್ಬಿನ ಬೆಳಕು ರಸ್ತೆ ಒಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಬೀಳುತ್ತಿತ್ತು. ಒಂದು ಸಂಜೆ ಅವನ ಮಾವ ಕೆಲೆಪಿ ಚರ್ಚಿನಲ್ಲಿ ಹಾಡಿನ ಅಭ್ಯಾಸ ಮುಗಿಸಿ ಕುದುರೆ ಮೇಲೆ ಬರುತ್ತಿದ್ದ. ಎದುರಿನಿಂದ ಅಳಿಯ ಬಂದ. ಬೆಳಕು ಕಣ್ಣಿಗೆ ರಾಚಿದ್ದೇ ತಡ, ಕುದುರೆ ಮುಂಗಾಲೆತ್ತಿ ನಿಂತಿತು. ಮಾವ ಬಿಳಿ ಅಂಗಿ, ಇಸ್ತ್ರಿ ಮಾಡಿದ ಸುಲುಪಂಚೆಯ ಸಮೇತ ಕೆಸುವಿನ ಗದ್ದೆಯಲ್ಲಿ ಕೂತ. ಅಪೊರೊಸ ಗಾಬರಿಯಲ್ಲಿ ಇಳಿದು ಓಡಿದ, ದೀಪ ಆರಿಸುವುದನ್ನು ಮರೆತ. ಹಿಂದೆ ನಡೆದು ಬರುತ್ತಿದ್ದ ಹಾಡುಗಾರರೆಲ್ಲ ತಮ್ಮ ಹಿರಿಯನನ್ನು ಕತ್ತಿನವರೆಗೆ ಕೆಸರಿನಲ್ಲಿ, ಹಟ್ಟಹಗಲಿನಂಥ ಬೆಳಕಿನಲ್ಲಿ ನೋಡಿದರು.

ಮರುದಿನ ವಸಿತಿ ಬಟ್ಟೆ ಗಂಟು ಕಟ್ಟಿದಳು. "ಒಲೆ ನಂದು, ಅಪ್ಪ ನಮ್ಮಪ್ಪ. ಎರಡನ್ನೂ ಹಾಳು ಮಾಡ್ದೆ. ಇನ್ನೇನು ಉಳಿದಿದೆ ಅಂತ ನಾನಿಲ್ಲಿರ್ಲಿ?"

ಅವಳ ತವರು ಮೇಲೂರಿನಿಂದ ಮಾವನ ಮಾತು ಬಂತು. "ಹಗಲು ಹೊತ್ತು ಬಂದು ಕ್ಷಮೆ ಕೇಳೋದು ದೊಡ್ಡಸ್ತಿಕೆ ಅಲ್ಲ, ಹಗಲಲ್ಲಿ ಎಲ್ಲರ ದೀಪವೂ ಒಳ್ಳೇದೇ. ಕತ್ತಲಾದ್ಮೇಲೆ ದೀಪ ಹಾಕ್ಕೊಂಡು ನಮ್ಮನೆ ಮುಂದೆ ಬರ್ಲಿ. ನನ್ನ ಕಣ್ಣಿಗೆ ಹೊಡೀದೆ ಬಂದ ದಿನ ಮಗಳನ್ನ ಕಳಿಸ್ತೀನಿ."

ಇಷ್ಟು ಸುಲಭದ ಶರತ್ತು ಯಾವ ಅಳಿಯನಿಗೆ ಸಿಕ್ಕೀತು! ಅಪೊರೊಸ ತನ್ನಲ್ಲಿದ್ದ ಅತ್ಯುತ್ತಮ ಪ್ರೊಜೆಕ್ಟರ್ ಜೋಡಿಯನ್ನು ತನ್ನ ಗಾಡಿಗೇ ಕೂರಿಸಿದ. ಶೆಡ್ಡಿನ ಗೋಡೆಗೆ ಸುಣ್ಣದ ಗೆರೆ ಎಳೆದು, ತಿರುಪು ತಿರುಗಿಸಿ ತಿರುಗಿಸಿ, ಬೆಳಕು ಆ ಗೆರೆಯ ಹತ್ತಿರ ಚಾಕುವಿನಲ್ಲಿ ಕೊಯ್ದ ಹಾಗೆ ನಿಲ್ಲುವಂತೆ ಮಾಡಿದ. ಕೆಳಗೆ ಹಗಲು, ಮೇಲೆ ಕಗ್ಗತ್ತಲು. ಎದುರು ನಿಂತವರ ಸೊಂಟದ ಮೇಲಕ್ಕೆ ಒಂದು ಹನಿ ಬೆಳಕಿಲ್ಲ. ಅದನ್ನು ನೋಡಿ ಅವನಿಗೆ ಹೆಂಡತಿ ಆಗಲೇ ಮನೆಗೆ ಬಂದಷ್ಟು ಸಂತೋಷವಾಯಿತು.

ಆಮೇಲೆ ನೆಂಟರು ಬಂದರು.

ನಮ್ಮಲ್ಲಿ ಕ್ಷಮೆ ಕೇಳುವುದು ಒಬ್ಬನ ಕೆಲಸವಲ್ಲ. ತಪ್ಪು ಮಾಡಿದವನು ಬಾಯಿ ಮುಚ್ಚಿಕೊಂಡು ಹಿಂದೆ ಕೂರಬೇಕು, ಅವನ ಪರವಾಗಿ ಹಿರಿಯರು ಮಾತಾಡಬೇಕು. ಮಾತಾಡಲು ಚಿಕ್ಕಪ್ಪ ಸಿರೆಲಿ ತಿಮಿಂಗಿಲದ ಹಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ; ಎದುರಿನವರು ಅದನ್ನು ಕೈಗೆ ತೆಗೆದುಕೊಂಡರೆ ಕ್ಷಮಿಸಿದ ಹಾಗೆ. ಕುಟ್ಟಿ ನೀರಿಗೆ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟು, ಚಾಪೆಗಳು, ಒಂದು ಕೊಬ್ಬಿದ ಹಂದಿ ಬಂದವು. ಸೋದರತ್ತೆ ಮೆರೆವೈ ಬಂದಳು. ಅತ್ತೆ ಬಂದರೆ ನಾಲ್ಕು ಜನ ಬಂದ ಹಾಗೆ, ಎಲ್ಲ ಅರ್ಥದಲ್ಲೂ. ಅವಳು ಗಾಳಿ ಬೇಕೆಂದು ಗಾಡಿಯ ತೀರಾ ಹಿಂದಿನ ಬೆಂಚನ್ನೇ ಹಿಡಿದು, ಹಂದಿಯನ್ನು ಪಕ್ಕಕ್ಕೆಳೆದುಕೊಂಡಳು.

ಅಪೊರೊಸ ಗಾಡಿಯ ಮೂಗು ಏಳುವುದನ್ನು ನೋಡಿದ.

"ಚಿಕ್ಕಪ್ಪ, ಹಿಂದೆ ಭಾರ ಆದ್ರೆ ಮುಂದೆ ಮೂಗು ಏಳತ್ತೆ. ಮೂಗಿನ ಜೊತೆ ದೀಪಾನೂ ಏಳತ್ತೆ. ಸ್ವಲ್ಪ ಜನ ಬಸ್ಸಲ್ಲಿ..."

"ಕ್ಷಮೆ ಕೇಳೋಕೆ ಇಬ್ಬರೇ ಹೋದ್ರೆ ಉಪ್ಪು ಸಾಲ ಕೇಳೋಕೆ ಹೋದ ಹಾಗಿರತ್ತೆ ಕಣೋ," ಎಂದ ಸಿರೆಲಿ.

"ಯಾರಪ್ಪ ಭಾರ?" ಎಂದು ಹಿಂದಿನಿಂದ ಅತ್ತೆಯ ದನಿ ಬಂತು.

"ಹಂದಿ, ಅತ್ತೆ," ಎಂದ ಅಪೊರೊಸ.

ಮೇಲೂರು ನಕೌವದ್ರ ಗುಡ್ಡದ ಬುಡದಲ್ಲಿದೆ. ಊರ ನಡುವಿನ ಹುಲ್ಲು ಬಯಲಿನ ಅಂಚಿಗೇ ಮಾವನ ಮನೆ. ಕೆಲೆಪಿ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಚಕ್ಕಳಬಕ್ಕಳ ಹಾಕಿ ಕೂತಿದ್ದ. ಗಾಡಿ ಬಯಲಿಗೆ ತಿರುಗಿತು, ಎರಡು ದೀಪವೂ ನೆಟ್ಟಗೆ ಅವನ ಕಣ್ಣಿಗೇ ಹೊಡೆದವು. ಮುದುಕ ಹಟಕ್ಕೆ ಬಿದ್ದವನ ಹಾಗೆ ರೆಪ್ಪೆ ಮಿಟುಕಿಸದೆ ಅದನ್ನೇ ದಿಟ್ಟಿಸಿದ. ಹೀಗಾಗಿ ಸಿರೆಲಿ ಬಗ್ಗಿ ಬಗ್ಗಿ ಮುಂದೆ ಹೋಗಿ, ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಚೆಂದದ ಭಾಷಣ ಮಾಡಿ ಮುಗಿಸುವಾಗ ಕೆಲೆಪಿಗೆ ಎದುರಿಗೆ ಹಸಿರು ನೀಲಿ ಚುಕ್ಕೆಗಳಲ್ಲದೆ ಏನೂ ಕಾಣುತ್ತಿರಲಿಲ್ಲ. ಅವನು ಜಗಲಿಯ ಕಂಬದ ಕಡೆ ಮುಖ ಮಾಡಿ, ಗಂಭೀರವಾಗಿ, "ಈಗ ಎರಡು ತಪ್ಪಾಯ್ತು. ಹೋಗಿ," ಎಂದ.

ಬಾಗಿಲಲ್ಲಿ ನಿಂತಿದ್ದ ವಸಿತಿ ಗಂಡನ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದಳು. "ನಮ್ಮಪ್ಪ ಊರವರ ಮುಂದೆ ಕಂಬದ ಜೊತೆ ಮಾತಾಡೋ ಹಾಗೆ ಮಾಡ್ದೆಯಲ್ಲೋ!"

ಎರಡು ತಪ್ಪಿಗೆ ಕ್ಷಮೆಯೂ ಎರಡರಷ್ಟಿರಬೇಕು ಎಂದು ನೆಂಟರು ಸಭೆ ಸೇರಿ ತೀರ್ಮಾನಿಸಿದರು. ಇನ್ನಷ್ಟು ಚಾಪೆ, ಇನ್ನಷ್ಟು ಜನ. ಅಪೊರೊಸ ಬೆರಳು ಮಡಿಸಿ ಲೆಕ್ಕ ಹಾಕಿದ. ತಪ್ಪು ಹೆಚ್ಚಿದಷ್ಟೂ ಕ್ಷಮೆ ಹೆಚ್ಚು, ಕ್ಷಮೆ ಹೆಚ್ಚಿದಷ್ಟೂ ಭಾರ ಹೆಚ್ಚು, ಭಾರ ಹೆಚ್ಚಿದಷ್ಟೂ ಮಾವನ ಕಣ್ಣು ಹಾಳು. ಹೀಗೇ ನಡೆದರೆ ವಸಿತಿ ಮುದುಕಿಯಾಗುವವರೆಗೂ ತವರಿನಲ್ಲೇ.

ಆದರೂ ಅವನು ಕಸುಬುದಾರ. ಬರುವ ಭಾರಕ್ಕೆ ತಕ್ಕಂತೆ ದೀಪವನ್ನು ಮೊದಲೇ ಇಳಿಸಿಟ್ಟರಾಯಿತು ಎಂದುಕೊಂಡ. ಅದಕ್ಕೆ ನೆಂಟರ ತೂಕ ಗೊತ್ತಿರಬೇಕಲ್ಲ? ಅತ್ತೆಯ ಮನೆ ಬಾಗಿಲಿಗೆ ಹೋಗಿ ನಿಂತ.

"ಅತ್ತೆ, ನೀವು ಎಷ್ಟು..."

"ಎಷ್ಟು ಏನು?"

"ಎಷ್ಟು ಹೊತ್ತಿಗೆ ಹೊರಡ್ತೀರಿ?"

ವಾಪಸು ಬಂದು ಹೊಳೆಯ ಮರಳು ತುಂಬಿದ ಮೂಟೆಗಳನ್ನು ಗಾಡಿಯ ಬೆಂಚುಗಳ ಮೇಲೆ ಕೂರಿಸಿದ. ಯಾವ ಮೂಟೆ ಯಾರೆಂದು ಗೊಂದಲವಾಗಬಾರದಲ್ಲ, ಸುಣ್ಣದ ಕಡ್ಡಿಯಲ್ಲಿ ಒಂದೊಂದರ ಮೇಲೂ ಹೆಸರು ಬರೆದ. ಬುದ್ಧಿವಂತರು ಕೆಡುವುದೇ ಇಂಥ ಕಡೆ. ದೀಪ ಗೆರೆಗೆ ಕೂತು ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ, ಹೊಸ ಚಾಪೆಯೊಂದನ್ನು ಬಗಲಲ್ಲಿಟ್ಟುಕೊಂಡು ಮೆರೆವೈ ಅತ್ತೆ ಶೆಡ್ಡಿನೊಳಗೆ ಬಂದಳು. ಬೆಂಚುಗಳನ್ನು ನೋಡಿದಳು. ಒಂದು ಮೂಟೆಯ ಮೇಲೆ ಸಿರೆಲಿ. ಪಕ್ಕದ ಮೂಟೆಯ ಮೇಲೆ ಅತ್ತೆ. ಅದರ ಪಕ್ಕದ್ದೂ ಅತ್ತೆ. ಅದರ ಪಕ್ಕದ್ದೂ.

"ನಿನಗೆ ಮೂರು ಜನ ಅತ್ತೆಯರಿದಾರೇನೋ?"

"ಇಲ್ಲ ಅತ್ತೆ, ಒಬ್ಬರೇ."

ಅತ್ತೆ ಚಾಪೆ ಸಮೇತ ಹೊರಟುಹೋದಳು. ಅವಳು ಬರದಿದ್ದ ಮೇಲೆ ಅವಳ ಮಕ್ಕಳು ಬರಲಿಲ್ಲ, ಸೊಸೆಯಂದಿರು ಬರಲಿಲ್ಲ, ಸೊಸೆಯಂದಿರ ಕಡೆಯವರೂ ಬರಲಿಲ್ಲ. ಮೂಟೆ ಇಳಿಸಿ ಹೊರಡುವ ಹೊತ್ತಿಗೆ ಗಾಡಿಯಲ್ಲಿದ್ದವರು ಸಿರೆಲಿ ಮತ್ತು ಹಂದಿ. ಹಂದಿಗೆ ಈ ಓಡಾಟ ರೂಢಿಯಾಗಿ, ತಾನೇ ಹಲಗೆ ಹತ್ತಿ ಬೆಂಚಿನ ಪಕ್ಕ ಒರಗಿತು.

ಇಡೀ ಬಳಗದ ಭಾರಕ್ಕೆಂದು ಇಳಿಸಿದ ದೀಪ ಈಗ ಬಂಪರಿನಿಂದ ಎರಡು ಮಾರು ದೂರಕ್ಕೆ ನೆಲ ಕಚ್ಚಿ ಮಲಗಿತ್ತು. ದಾರಿಯಲ್ಲಿ ಕತ್ತಲಾಗಿ ದೀಪ ಹಾಕಿದಾಗಲೇ ಅದು ಅವನ ಗಮನಕ್ಕೆ ಬಂದದ್ದು, ತಿರುಪು ತಿರುಗಿಸುವ ಉಪಕರಣ ಶೆಡ್ಡಿನಲ್ಲೇ ಉಳಿದಿತ್ತು. ಅಪೊರೊಸ ಕಣ್ಣು ಕಟ್ಟಿದವನ ಹಾಗೆ, ತಿರುವುಗಳನ್ನು ನೆನಪಿನಿಂದ ತಡಕಾಡುತ್ತ ಗಾಡಿ ಓಡಿಸಿದ. ಮನೆಯೆದುರು ನಿಂತಾಗ ಜಗಲಿಯಿಂದ ಪ್ರಶ್ನೆ ಬಂತು.

"ಯಾರದು? ದೀಪ ಎಲ್ಲಿ?"

"ಇದೆ ಕೆಲೆಪಿ. ನೆಲದ ಮೇಲಿದೆ, ನೋಡು," ಎಂದ ಸಿರೆಲಿ.

"ಮೊದಲ ಸಲ ಕುರುಡು ಮಾಡೋಕೆ ಬಂದ. ಈ ಸಲ ನಾನು ಆಗಲೇ ಕುರುಡಾಗಿದೀನಿ ಅಂದ್ಕೊಂಡು ಬಂದಿದಾನೆ. ಮುಂದಿನ ವಾರ ಒಂದೇ ಒಂದು ಸಲ ನೋಡ್ತೀನಿ. ಆಗಲೂ ಆಗ್ಲಿಲ್ಲ ಅಂದ್ರೆ ಮಗಳು ಇಲ್ಲೇ."

ವಸಿತಿ ಈ ಸಲ ಬೈಯಲಿಲ್ಲ. ಬಾಗಿಲಲ್ಲಿ ನಿಂತು ಗಂಡನನ್ನೇ ನೋಡಿದಳು, ಆಮೇಲೆ ಒಳಗೆ ಹೋದಳು. ಅಪೊರೊಸನಿಗೆ ಬೈಗುಳವೇ ವಾಸಿಯಿತ್ತು ಅನ್ನಿಸಿತು. ದಾರಿಯುದ್ದಕ್ಕೂ ಅವನಿಗೆ ಅಳು ಬಂತು, ಕತ್ತಲಿದ್ದದ್ದರಿಂದ ಚಿಕ್ಕಪ್ಪನಿಗೆ ಕಾಣಲಿಲ್ಲ.

ಮಾರನೆ ದಿನ ಅವನು ಯಂಗೋನಾ ಕಟ್ಟು ಹಿಡಿದು ಅತ್ತೆಯ ಮುಂದೆ ತಲೆ ತಗ್ಗಿಸಿ ಕೂತ.

"ಅತ್ತೆ, ನಂಗೆ ವಸಿತಿ ಬೇಕು," ಎಂದ.

ಅತ್ತೆ ಬೀಸಣಿಗೆ ಕೆಳಗಿಟ್ಟಳು. "ಮೂರು ಮೂಟೆ ಅಂದ್ರೆ ಜಾಸ್ತಿಯಾಯ್ತು ಕಣೋ. ಎರಡೂವರೆ ಬರೀಬೇಕಿತ್ತು," ಎಂದಳು. "ನಾನು ನಡ್ಕೊಂಡು ಬರ್ತೀನಿ. ಎಲ್ಲರೂ ನಡ್ಕೊಂಡೇ ಬರ್ತಾರೆ. ನಿನ್ನ ಗಾಡಿ ಖಾಲಿ ಹೊಟ್ಟೇಲಿ ಬರ್ಲಿ. ಆದ್ರೆ ಹಿಂದೆ ನಡೆದು ನಿನ್ನ ಹೊಗೆ ಕುಡಿಯೋಕೆ ನನ್ನಿಂದಾಗಲ್ಲ, ನಾವು ಮುಂದೆ."

ಹಾಗೆ ಮೂರನೆಯ ಸಲ ಬಳಗವೆಲ್ಲ ನಡೆದು ಹೊರಟಿತು. ಹಂದಿಗೆ ಮಾತ್ರ ಅವಮಾನವಾದಂತಿತ್ತು, ಹಗ್ಗ ಹಿಡಿದು ಎಳೆಯಬೇಕಾಯಿತು. ಖಾಲಿ ಗಾಡಿಗೆ ಹೊಸದಾಗಿ ಹೊಂದಿಸಿದ ದೀಪ ಹಾಕಿಕೊಂಡು ಅಪೊರೊಸ ಮೊದಲ ಗೇರಿನಲ್ಲಿ ಹಿಂಬಾಲಿಸಿದ. ಅವನಿಗೆ ಕಂಡದ್ದು ಸೊಂಟದವರೆಗಿನ ನೆಂಟರು. ಅದರ ಮೇಲಿನದ್ದನ್ನು ಕತ್ತಲು ಕತ್ತರಿಸಿಕೊಂಡಿತ್ತು. ರಸ್ತೆ ತುಂಬ ಬರೀ ಕಾಲು, ಪಂಚೆ, ಚಪ್ಪಲಿ. ಹಾಡು ಮಾತ್ರ ಎಲ್ಲೋ ಮೇಲಿನಿಂದ ಬರುತ್ತಿತ್ತು. ಆ ಮೆರವಣಿಗೆಯಲ್ಲಿ ಕಿವಿಯಿಂದ ಬಾಲದವರೆಗೆ ಪೂರ್ತಿಯಾಗಿ ಕಾಣುತ್ತಿದ್ದದ್ದು ಹಂದಿ ಒಂದೇ. ಅದು ಆ ಬೆಳಕಿನಲ್ಲಿ ಮದುಮಗನ ಹಾಗೆ ಮಿಂಚುತ್ತಿತ್ತು.

ಬಯಲಿನಲ್ಲಿ ಗಾಡಿ ನಿಂತಿತು. ಕಾಲುಗಳು ಜಗಲಿಯ ಮುಂದೆ ಎರಡೂ ಬದಿಗೆ ಸಾಲಾಗಿ ನಿಂತವು. ಅಪೊರೊಸ ಸ್ಟಿಯರಿಂಗ್ ಮೇಲೆ ಬಗ್ಗಿ ನೋಡಿದ. ಬೆಳಕಿನ ಗೆರೆ ಮಾವನ ಮಡಿಲ ಹತ್ತಿರ ನಿಂತಿತ್ತು. ಮಡಿಸಿದ ಮೊಣಕಾಲು, ಅದರ ಮೇಲಿಟ್ಟ ಕೈ ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ.

"ಆ ಪಾದ ಮೆರೆವೈದು," ಎಂದಿತು ಮಾವನ ದನಿ.

"ಹೌದು. ಏನೀಗ?" ಎಂದಿತು ಎದುರಿನ ಕತ್ತಲು.

"ಆ ಡೊಂಕು ಕಾಲು ಸಿರೆಲಿದು. ಅಲ್ಲಾ, ನಿಮ್ಮ ಬಳಗದಲ್ಲಿ ಮುಖ ತೋರಿಸಿ ಕ್ಷಮೆ ಕೇಳೋ ಧೈರ್ಯ ಇರೋದು ಅಗೋ, ಆ ಹಗ್ಗದವನೊಬ್ಬನಿಗೇ ಏನು?"

ಎಲ್ಲರೂ ಹಂದಿಯ ಕಡೆ ನೋಡಿದರು. ಮೊದಲು ಅತ್ತೆ ನಕ್ಕಳು. ಅತ್ತೆ ನಕ್ಕರೆ ತಡೆಯುವವರು ಯಾರು? ಬಯಲಿಗೆ ಬಯಲೇ ನಕ್ಕಿತು, ಒಳಗಿನಿಂದ ವಸಿತಿ ನಕ್ಕದ್ದೂ ಅಪೊರೊಸನಿಗೆ ಬೇರೆಯಾಗಿ ಕೇಳಿಸಿತು.

ಕೆಲೆಪಿ ಮೆಲ್ಲಗೆ ಬಗ್ಗಿ ತಲೆಯನ್ನು ಬೆಳಕಿನೊಳಗೆ ತಂದ, ಕಣ್ಣು ಕಿರಿದು ಮಾಡಿದ, ಮತ್ತೆ ನೆಟ್ಟಗೆ ಕೂತು ಕತ್ತಲಿಗೆ ಹೋದ. ಸ್ನಾನದ ನೀರಿನ ಬಿಸಿ ನೋಡುವವರ ಹಾಗೆ ಇನ್ನೊಮ್ಮೆ ಬಗ್ಗಿ ನೋಡಿದ.

"ಕೂತ್ರೆ ಹೊಡಿಯಲ್ಲ," ಎಂದ. "ಸರಿ. ಕೊಡು ಸಿರೆಲಿ."

ತಿಮಿಂಗಿಲದ ಹಲ್ಲು ಕೈ ಬದಲಾಯಿಸಿತು. ಎಲ್ಲರಿಗೂ ಬೇಯಿಸಿದ ಕೆಸುವಿನ ಗೆಡ್ಡೆ, ತೆಂಗಿನ ಹಾಲಿನ ಮೀನು ಬಂತು. ವಸಿತಿ ಗಂಡನಿಗೆ ತಟ್ಟೆ ಕೊಡುವಾಗ ಕೈ ಬಿಡದೆ ಹಿಡಿದುಕೊಂಡಳು.

"ಒಲೆ?"

"ನಿಂದೇ."

"ದೀಪ ಎಲ್ಲಿ ಬೇಯಿಸ್ತೀಯ?"

"ಬೇರೆ ಡ್ರಮ್ ತರ್ತೀನಿ."

"ನೋಡೋಣ," ಎಂದು ತಟ್ಟೆ ಬಿಟ್ಟಳು.

ಊಟವಾದ ಮೇಲೆ ಮಗಳನ್ನು ಕಳಿಸುವ ಸಂಭ್ರಮ. ಕೆಲೆಪಿ ಖುದ್ದು ನಿಂತು ಗಾಡಿಗೆ ಹೇರಿಸಿದ. ಕೆಸುವಿನ ಮೂಟೆ, ತೆಂಗಿನಕಾಯಿ ಗೊಂಚಲು, ಹೊಸ ಚಾಪೆ, ಬನ್ನಿಗೆಂದು ಮೈದಾ ಚೀಲ. ಹೇರಿಸಿ, ಕೊನೆಯದನ್ನು ತಾನೇ ಹೊತ್ತು ತಂದು ಇಟ್ಟು, ಜಗಲಿಗೆ ಹೋಗಿ ಕೂತ. ನಡೆದು ಬಂದು ಕಾಲು ಸೋತ ಬಳಗವೆಲ್ಲ ಹಿಂದೆ ಹತ್ತಿತು. ಅತ್ತೆ ತನ್ನ ಗಾಳಿಯ ಜಾಗ ಹಿಡಿದಳು. ಹೇರಲೆಂದು ಅಡ್ಡ ನಿಲ್ಲಿಸಿದ ಗಾಡಿಯೆದುರಿನ ತೆಂಗಿನ ಮರದ ಮೇಲೆ ಬೆಳಕಿನ ಗೆರೆ ಒಂದೊಂದೇ ಗೇಣು ಮೇಲೇರುವುದನ್ನು ಅಪೊರೊಸ ನೋಡುತ್ತ ಕೂತ.

ಗಾಡಿ ತಿರುಗಲು ಇದ್ದದ್ದು ಒಂದೇ ದಾರಿ, ಜಗಲಿಯ ಮುಂದಿನಿಂದ. ಮಾವ ಪ್ರೀತಿಯಿಂದ ಹೇರಿದ್ದನ್ನು ಇಳಿಸಿ ಎನ್ನುವ ಹಾಗಿಲ್ಲ. ದೀಪ ಆರಿಸೋಣವೆಂದರೆ ಬಯಲಿನ ತುಂಬ ಊರ ಮಕ್ಕಳು ಓಡಾಡುತ್ತಿದ್ದಾರೆ. ಇಷ್ಟೆಲ್ಲ ಆಗಿ ಮತ್ತೆ ಅದೇ ಕಣ್ಣಿಗೆ, ಅದೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು! ಜಗಲಿಯ ಕಡೆ ನೋಡಿದ.

ಊಟಕ್ಕೆಂದು ಹಚ್ಚಿದ ಲಾಟೀನಿನ ಬೆಳಕಿನಲ್ಲಿ ಮಾವ ಚಕ್ಕಳಬಕ್ಕಳ ಹಾಕಿ ಕೂತಿದ್ದ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಯಾರೂ ಅವನಿಗೆ ಹೇಳಿರಲಿಲ್ಲ.

"ತಿರುಗ್ಸು," ಎಂದಳು ವಸಿತಿ. "ಅಪ್ಪ ಕಾಯ್ತಿದಾನೆ."

ಅಪೊರೊಸ ತಿರುಗಿಸಿದ. ಬೆಳಕು ಮುದುಕನ ಮುಖದ ತುಂಬ ಬಿದ್ದು, ಕೆನ್ನೆಯ ಸುಕ್ಕುಗಳನ್ನೆಲ್ಲ ತೋರಿಸಿ, ದಾಟಿ ಹೋಯಿತು. ಅವನು ಮುಖವನ್ನು ಅತ್ತ ಇತ್ತ ಮಾಡಲಿಲ್ಲ.

ಬೆಳಕು ಹೋದ ಮೇಲೂ, ಗಾಡಿ ಊರು ಬಿಟ್ಟು ತಿರುವಿನಲ್ಲಿ ಮರೆಯಾಗುವ ತನಕವೂ ಅವನು ಕಣ್ಣು ತೆರೆಯಲೇ ಇಲ್ಲ ಎಂದು ಹಿಂದಿನ ಬೆಂಚಿನಿಂದ ನೋಡುತ್ತಿದ್ದ ಮೆರೆವೈ ಅತ್ತೆ ಆಮೇಲೆ ಹೇಳಿದಳು.