ಮೂರನೇ ಹಂತದ ಮೌನ

ಗುರುಗಳು ಒಂದು ದಿನವಿಡೀ ಇದರ ಮೇಲೆ ಕೂತು ಧ್ಯಾನ ಮಾಡಿದ್ದಾರೆ ಎಂದು ಶಿಬಿರದ ಕೌಂಟರಿನಲ್ಲಿ ಮಾರುವ ನೀಲಿ ದಿಂಬುಗಳನ್ನು ಹೊಲಿಯುವವಳು ನಾನು. ಟೈಲರ್ ಮಾಮ ಬಟ್ಟೆ ಕತ್ತರಿಸಿ ಕೊಡುತ್ತಾರೆ. ನಾನು ಹತ್ತಿ ತುಂಬಿ, ಬಾಯಿ ಹೊಲಿದು, ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಟಿಸುತ್ತೇನೆ. ಆ ಕವರನ್ನು ಕೊಂಡವರು ಬಿಚ್ಚುವವರೆಗೆ ಯಾರೂ ಬಿಚ್ಚುವುದಿಲ್ಲ. ಗುರುಗಳು ಯಾವಾಗ ಕೂತರೋ ದೇವರಿಗೇ ಗೊತ್ತು.

ಇದನ್ನು ಅಕ್ಕನಿಗೆ ಹೇಳಬೇಕೆಂದು ಒಂದು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ನನಗೆ ಮಾತು ಗಂಟಲವರೆಗೆ ಬಂದು ಅಲ್ಲೇ ಕೂತುಬಿಡುತ್ತದೆ. ತರಗತಿಯಲ್ಲಿ ಎದ್ದು ನಿಂತು ಪಾಠ ಓದಲು ಹೆದರಿ ಏಳನೆಯದಕ್ಕೇ ಶಾಲೆ ಬಿಟ್ಟವಳು. ಮಾಮ ನನ್ನನ್ನು ಕರೆಯುವುದೇ ಮೌನಗೌರಿ ಎಂದು.

ಹೇಳದಿರಲು ಇನ್ನೊಂದು ಕಾರಣವೂ ಇತ್ತು. ಅಕ್ಕನಿಗೆ ಹನ್ನೆರಡನೇ ವಯಸ್ಸಿನಿಂದ ಫಿಟ್ಸ್. ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಯುವ ಕೆಲಸದಲ್ಲಿದ್ದಾಗ ಒಮ್ಮೆ ರೋಗಿಗಳ ಎದುರೇ ಬಿದ್ದಳು. ಆಮೇಲೆ ಹೊಸ್ತಿಲು ದಾಟಲಿಲ್ಲ. ಗುರುಗಳ ಮೊದಲ ಹಂತದ ಶಿಬಿರ ಮುಗಿಸಿ ಬಂದವಳಿಗೆ ನಿದ್ದೆ ಬಂತು, ಒಬ್ಬಳೇ ಬಸ್ಸು ಹತ್ತಿದಳು, ಕೆಲಸಕ್ಕೆ ವಾಪಸು ಹೋದಳು. ಅದು ಸುಳ್ಳಲ್ಲ, ನಾನೇ ಕಣ್ಣಾರೆ ಕಂಡದ್ದು.

ಎರಡನೇ ಹಂತವೂ ಮುಗಿಯಿತು. ಮೂರನೇ ಹಂತವೆಂದರೆ ಏಳು ದಿನ ಮೌನ. ಫೋನು, ಗಡಿಯಾರ, ಮಾತ್ರೆ ಯಾವುದೂ ಒಳಗೆ ಒಯ್ಯುವಂತಿಲ್ಲ. ಅಕ್ಕ ಮಾತ್ರೆ ಡಬ್ಬಿಯನ್ನು ಕನ್ನಡಿಯ ಹಿಂದಿಟ್ಟು ಹೊರಟಳು.

"ಡಾಕ್ಟರನ್ನ ಒಂದು ಮಾತು ಕೇಳಕ್ಕ," ಅಂದೆ.

"ಕೇಳಿದ್ರೆ ಬೇಡ ಅಂತಾರೆ, ಅದಕ್ಕೇ ಕೇಳಿಲ್ಲ. ನೀನೂ ಬಾರೇ ಅನ್ನೋಣ ಅಂದ್ರೆ, ನಿನಗ್ಯಾಕೆ ಮೌನದ ಶಿಬಿರ? ಹುಟ್ಟಿದಾಗಿಂದ ಅಲ್ಲೇ ಇದ್ದೀಯ."

ಮೂರು ದಿನ ನನ್ನ ಹೊಲಿಗೆ ನೆಟ್ಟಗೆ ಹೋಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಶಿಬಿರಕ್ಕೆ ದಿಂಬು ಮುಟ್ಟಿಸಬೇಕಿತ್ತು. ನಾನೇ ಹೋಗುತ್ತೇನೆ ಅಂದಾಗ ಮಾಮ ಕನ್ನಡಕ ಕೆಳಗಿಳಿಸಿ ನೋಡಿದರು. ಅಕ್ಕನ ಮಾತ್ರೆ ಡಬ್ಬಿಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ಹೋದೆ.

ಕೌಂಟರಿನ ಪಕ್ಕದಲ್ಲೇ ಸಭಾಂಗಣದ ಗಾಜಿನ ಬಾಗಿಲು. ಒಳಗೆ ಎಂಬತ್ತು ಜನ ಸಾಲಾಗಿ ಕೂತಿದ್ದರು. ಪರದೆಯ ಮೇಲೆ ಗುರುಗಳು ನಗುತ್ತಿದ್ದರು. ಅಕ್ಕ ಮೂರನೇ ಸಾಲಿನಲ್ಲಿದ್ದಳು. ಅವಳ ಎಡಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ದಾರದ ಗಂಟು ಬಿಡಿಸುವಂತೆ.

ಬೆರಳು ಹಾಗೆ ಆಡತೊಡಗಿದರೆ ಬೀಳಲು ಒಂದು ನಿಮಿಷವೂ ಉಳಿದಿರುವುದಿಲ್ಲ. ಬಾಗಿಲು ಕಾಯುತ್ತಿದ್ದ ಹೆಂಗಸಿಗೆ ಅಕ್ಕನ ಕಡೆ ಕೈ ತೋರಿಸಿದೆ. ಅವಳು ತುಟಿಯ ಮೇಲೆ ಬೆರಳಿಟ್ಟು, ತನಗೂ ಕಾಣುತ್ತಿದೆ ಎನ್ನುವಂತೆ ಮುಗುಳ್ನಕ್ಕಳು.

ಅಕ್ಕ ಉರುಳಿದಳು. ಮೈ ಸೆಟೆದು ಅದುರತೊಡಗಿತು. ಯಾರೂ ಏಳಲಿಲ್ಲ. ಶಕ್ತಿ ಏಳುವಾಗ ದೇಹ ನಡುಗುತ್ತದೆ, ಆಗ ಮುಟ್ಟಬಾರದು ಎಂದು ಎರಡನೇ ಹಂತದಲ್ಲೇ ಕಲಿಸಿರುತ್ತಾರಂತೆ. ವೇದಿಕೆಯ ಮೇಲಿದ್ದ ಶಿಕ್ಷಕರು ಎದೆಗೆ ಕೈ ಒತ್ತಿಕೊಂಡರು. ಎಂಬತ್ತು ಜನವೂ ಹಾಗೇ ಮಾಡಿದರು. ಅಕ್ಕನ ತಲೆ ನೆಲಕ್ಕೆ ಬಡಿಯುವ ಸದ್ದು ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ.

"ಅದು ಫಿಟ್ಸ್," ಅಂದೆ. ದನಿಯೇ ಹೊರಡಲಿಲ್ಲ. ಇನ್ನೊಮ್ಮೆ ಅಂದೆ.

ಮೂರನೇ ಸಲ ಇಡೀ ಸಭಾಂಗಣ ತಿರುಗಿ ನೋಡಿತು. ಹೆಂಗಸನ್ನು ತಳ್ಳಿ, ದಿಂಬಿನ ಕಟ್ಟು ಹಿಡಿದೇ ಓಡಿದೆ. ಕವರ್ ಹರಿದು ಒಂದು ದಿಂಬನ್ನು ಅಕ್ಕನ ತಲೆಯಡಿ ತುರುಕಿದೆ. ನಡುಕ ನಿಂತಮೇಲೆ ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸಿದೆ. ಅವಳ ಬಿಳಿ ಬಟ್ಟೆಯ ಮೇಲೆ ಒದ್ದೆ ಹರಡುತ್ತಿತ್ತು. ಅಲ್ಲಿಗೆ ಇನ್ನೊಂದು ದಿಂಬನ್ನು ಅಡ್ಡ ಇಟ್ಟೆ.

ಶಿಕ್ಷಕರು ಕೆಳಗಿಳಿದು ಬಂದರು. "ತಂಗೀ, ಅವರು ತುಂಬಾ ಎತ್ತರದಲ್ಲಿದ್ದಾರೆ. ಕೆಳಗೆ ಎಳೀಬೇಡಿ," ಎಂದು ಮೆಲ್ಲಗೆ ಹೇಳಿದರು. ಪಕ್ಕದ ಸಾಲಿನ ಹೆಂಗಸೊಬ್ಬಳು ಸಂತೋಷಕ್ಕೆ ಅಳುತ್ತಿದ್ದಳು. ಅಕ್ಕನ ತಲೆ ಹಿಡಿದುಕೊಂಡು ಕೂತೆ.

ಅವಳ ಕಣ್ಣು ಸ್ತಿಮಿತಕ್ಕೆ ಬರಲು ಕಾಲು ಗಂಟೆ ಹಿಡಿಯಿತು. ಏನು ಕಂಡಿತು, ಬೆಳಕೇ ಎಂದು ಶಿಕ್ಷಕರು ಬಗ್ಗಿ ಕೇಳಿದರು. ಅಕ್ಕ ಅವರ ಮುಖ ನೋಡಿದಳು. ಎಲ್ಲಿ ಹೌದು ಅಂದುಬಿಡುತ್ತಾಳೋ ಎಂದು ಹೆದರಿದೆ. ಅವಳು ನನ್ನ ಕುತ್ತಿಗೆ ಬಳಸಿ ಕಿವಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹನ್ನೆರಡನೇ ವಯಸ್ಸಿನಿಂದ ಪ್ರತಿಸಲ ಕೇಳುವುದನ್ನೇ ಕೇಳಿದಳು.

"ಒದ್ದೆ ಆಯ್ತೇನೇ?"

"ಸ್ವಲ್ಪ. ದಿಂಬು ಇಟ್ಟಿದ್ದೀನಿ."

ಅಕ್ಕ ಕೈಯಿಂದ ತಡಕಿ ದಿಂಬನ್ನು ಮೈಗೆ ಒತ್ತಿಕೊಂಡಳು. ಸುತ್ತ ಎಲ್ಲರೂ ಕಾಯುತ್ತಿದ್ದರು.

"ಮಾತ್ರೆ ತಂದಿದ್ದೀಯಾ?"

ಡಬ್ಬಿ ತೆಗೆದೆ. ಮುಚ್ಚಳ ಬಿಗಿಯಾಗಿತ್ತು, ನನ್ನಿಂದ ಬಿಚ್ಚಲಾಗಲಿಲ್ಲ. ಅಕ್ಕನೇ ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿದಳು.